ಶುಕ್ರವಾರದ ಮೀನು, ಏಕಾದಶಿಯ ಅವಲಕ್ಕಿ

ಡಿಗ್ರಿ ನನ್ನ ಕೈಲಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಅಪ್ಪ. ಆಮೇಲೆ ಹೇಳಿದವರು ಬಹಳ ಜನ, ಅವರನ್ನೆಲ್ಲ ಇಲ್ಲಿ ಕರೆದು ಕೂರಿಸುವುದಿಲ್ಲ. ಅಪ್ಪ ಗದಗಿನ ಬಜಾರಿನಲ್ಲಿ ದರ್ಜಿ. ಕೊರಳಲ್ಲಿ ವಿಠ್ಠಲನ ತುಳಸಿಮಾಲೆ, ಅದರ ಮೇಲೆ ಅಳತೆಯ ಟೇಪು. ಡಿಗ್ರಿಯ ಮೊದಲರ್ಧ ಓದಿಸುವ ಕಮ್ಯೂನಿಟಿ ಕಾಲೇಜು ಮುಗಿಯಿತು, ಇನ್ನು ಡೆಟ್ರಾಯಿಟ್‌ನ ಯುನಿವರ್ಸಿಟಿಗೆ ಸೇರುತ್ತೇನೆ ಎಂದು ನಾನು ಅಮೆರಿಕದ ಲಿವೋನಿಯಾದಿಂದ ವಿಡಿಯೊ ಕಾಲ್ ಮಾಡಿ ಹೇಳಿದಾಗ, ಅವರು ಹಲ್ಲಿನಲ್ಲಿ ಕಚ್ಚಿದ್ದ ದಾರ ತುಂಡು ಮಾಡಿ, ಫೋನಿನ ಕಡೆ ತಿರುಗಿದರು.

"ನೋಡವಾ ರುಕ್ಮಾ, ಅದು ನಮ್ಮ ಅಳತಿಗೆ ಕತ್ತರಿಸಿದ ಅರಿವಿ ಅಲ್ಲ. ಹಾಕ್ಕೊಂಡ್ರೂ ಮೈಮ್ಯಾಗ ನಿಂದ್ರಂಗಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಗಿರಾಕಿಗೆ 'ಈ ಬಟ್ಟೆಯಲ್ಲಿ ಕೋಟು ಆಗುವುದಿಲ್ಲ' ಎಂದು ಹೇಳುವ ದನಿ ಅದು. ಬೈದಿದ್ದರೆ ತಿರುಗಿ ಜಗಳ ಆಡುತ್ತಿದ್ದೆ. ಹಾಗೆ ಮೆತ್ತಗೆ ಹೇಳಿದ್ದರಿಂದ ಜಗಳಕ್ಕೂ ಜಾಗ ಉಳಿಯಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಕಾಲೇಜಿನ ಬಾಗಿಲು ದಾಟಿದವರು ಯಾರೂ ಇರಲಿಲ್ಲ. ಪಿಯುಸಿವರೆಗೆ ಹೋದವಳು ನಾನೊಬ್ಬಳೇ, ಅದರ ರಿಸಲ್ಟ್ ಬರುವ ಮೊದಲೇ ಮದುವೆಯಾಗಿತ್ತು. ಗಂಡ ವಿಜಯನ ಹಿಂದೆ ಈ ದೇಶಕ್ಕೆ ಬಂದು, ಕೆಲಸ ಮಾಡುವ ಹಕ್ಕಿಲ್ಲದ ವೀಸಾದಲ್ಲಿ ವರ್ಷಗಟ್ಟಲೆ ಚಪಾತಿ ಲಟ್ಟಿಸಿ, ಗ್ರೀನ್ ಕಾರ್ಡ್ ಬಂದ ಮೇಲೆ ಒಂದೊಂದೇ ಕ್ಲಾಸ್ ತೆಗೆದುಕೊಂಡು ಓದಿದವಳು ನಾನು. ಅಳತೆಯ ಮಾತು ಆಡಬೇಡಿ ಎಂದು ಹೇಳಬೇಕಿತ್ತು. "ನೋಡೋಣ ಬಿಡಪ್ಪಾ" ಎಂದು ಫೋನ್ ಇಟ್ಟೆ.

ಇದೆಲ್ಲ ಮತ್ತೆ ನೆನಪಾದದ್ದು ಈ ಫೆಬ್ರವರಿಯಲ್ಲಿ. ಮಗಳು ಇಶಾಳನ್ನು ಈಜಿನ ಸ್ಪರ್ಧೆಗೆ ಕರೆದುಕೊಂಡು ಹೋಗಿ ಐ-75 ಹೆದ್ದಾರಿಯಲ್ಲಿ ವಾಪಸ್ ಬರುತ್ತಿದ್ದೆ. ಡಿಗ್ರಿಯ ಕೊನೆಯ ಪ್ರಾಜೆಕ್ಟಿಗೆಂದು ಹೋಗುತ್ತಿದ್ದ ಸಣ್ಣ ಊರಿನ ಎಕ್ಸಿಟ್ ಕಾಣುತ್ತಲೇ ಕೈ ತಾನಾಗಿ ಇಂಡಿಕೇಟರ್ ಹಾಕಿತು. ಚರ್ಚಿನ ಹಾಲ್ ಮುಂದೆ ಕಾರು ನಿಧಾನ ಮಾಡಿ ಕಿಟಕಿ ಇಳಿಸಿದೆ. ಜೌಗು ನೆಲದ ಹಸಿ ವಾಸನೆ, ಅದರ ಜೊತೆ ದೊಡ್ಡ ಹಂಡೆಯಲ್ಲಿ ಈರುಳ್ಳಿ ಬೇಯುವ ವಾಸನೆ.

"ಮಾಮ್, ಗ್ರೋಸ್! ವಿಂಡೋ ಕ್ಲೋಸ್ ಮಾಡು!" ಎಂದಳು ಇಶಾ. ಸಿಟ್ಟು ಬಂದಾಗ ಅವಳ ಬಾಯಲ್ಲಿ ಅರ್ಧ ಕನ್ನಡ ಬರುತ್ತದೆ.

ಒಂದು ಚಳಿಗಾಲ ಪೂರ್ತಿ ನನ್ನ ಕೋಟಿನಿಂದ ಬಿಟ್ಟು ಹೋಗದ ವಾಸನೆ ಅದು.

ಆ ಚಳಿಗಾಲ ನನ್ನ ಡಿಗ್ರಿಯ ಕೊನೆಯ ವರ್ಷ. ಕೊನೆಯ ಸೆಮಿಸ್ಟರ್ ಎಂದರೂ ಸರಿ. ಕಮ್ಯೂನಿಟಿ ಕಾಲೇಜಿನಲ್ಲಿ ಮೊದಮೊದಲು ಮಾಡಿದ ಕ್ಲಾಸುಗಳು ತೀರಾ ಹಳೆಯವಾಗಿದ್ದವು. ಆ ಬೇಸಿಗೆಯೊಳಗೆ ಮುಗಿಸದಿದ್ದರೆ ಅವು ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಮಾಡಬೇಕು ಎಂದು ಯುನಿವರ್ಸಿಟಿ ಆಫೀಸಿನವರು ಹೇಳಿದ್ದರು. ಮತ್ತೆ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಉಳಿದದ್ದು ಒಂದೇ ಕೆಲಸ, ಸ್ಥಳೀಯ ಇತಿಹಾಸದ ಒಂದು ಪ್ರಾಜೆಕ್ಟ್. ಒಂದು ಊರಿಗೆ ಹೋಗಿ, ಅಲ್ಲಿನ ಒಂದು ಪದ್ಧತಿಯನ್ನು ಅಲ್ಲಿಯವರ ಬಾಯಿಂದಲೇ ಕೇಳಿ ಬರೆಯಬೇಕು. ನಾನು ಇಲ್ಲಿನ ಕನ್ನಡದ ಮನೆಗಳ ಬಗ್ಗೆ ಬರೆಯುತ್ತೇನೆ ಎಂದೆ. ನನ್ನ ಪ್ರೊಫೆಸರ್ ಹೆಲೆನ್ ಒಪ್ಪಲಿಲ್ಲ. "ನಿಮ್ಮವರ ಬಗ್ಗೆ ನೀನು ಕಣ್ಣು ಮುಚ್ಚಿ ಬರೆಯುತ್ತೀಯ. ಕಣ್ಣು ಬಿಟ್ಟು ನೋಡಬೇಕಾದ ಕಡೆ ಹೋಗು" ಎಂದು, ಡೆಟ್ರಾಯಿಟ್‌ಗೆ ದಕ್ಷಿಣದ ಆ ಸಣ್ಣ ಊರನ್ನು ತೋರಿಸಿದಳು.

ಅದು ಫ್ರೆಂಚರು ಕಟ್ಟಿದ ಊರು. ಡೆಟ್ರಾಯಿಟ್ ಒಂದು ಊರಾಗುವ ಹೊತ್ತಿಗೆ ಬಂದ ರೈತರ, ಬೇಟೆಗಾರರ ವಂಶದವರು ಈಗಲೂ ಅಲ್ಲಿದ್ದಾರೆ. ಹೊಲಗಳು ನೀರಿನ ದಂಡೆಯಿಂದ ಹಿಂದಕ್ಕೆ ಲಾಡಿಯ ಹಾಗೆ ಉದ್ದಕ್ಕೆ, ಕಿರಿದಾಗಿ ಹೋಗುತ್ತವೆ, ಪ್ರತಿ ಮನೆಗೂ ಒಂದು ತುಣುಕು ನೀರು ಸಿಗಲಿ ಎಂದು. ಊರಿನ ನಡುವೆ ಒಂದು ಮರದ ದಿಮ್ಮಿಯ ಮನೆ, ಬೇಸಿಗೆಯಲ್ಲಿ ಮಾತ್ರ ತೆರೆಯುವ ಒಂದು ಕೋಣೆಯ ಮ್ಯೂಸಿಯಂ, ಯಾರೂ ಕೀಳದ ಹಣ್ಣು ಬಿಡುವ ದೈತ್ಯ ಪೇರ್ ಮರಗಳು. ರಸ್ತೆಗಳ ಹೆಸರು ಫ್ರೆಂಚ್, ಉಚ್ಚಾರ ಮಾತ್ರ ಅಮೆರಿಕದ್ದು. ಭಾಷೆ ಯಾವತ್ತೋ ಹೋಗಿದೆ. ಉಳಿದದ್ದು ಒಂದು ಊಟ.

ಈಸ್ಟರ್‌ಗೆ ಮುಂಚಿನ ವ್ರತದ ದಿನಗಳಲ್ಲಿ ಶುಕ್ರವಾರ ಕ್ಯಾಥೊಲಿಕರಾದ ಅವರು ಮಾಂಸ ತಿನ್ನುವಂತಿಲ್ಲ, ಮೀನು ತಿನ್ನಬಹುದು. ಆ ಊರಿನವರು ಶುಕ್ರವಾರ ತಿನ್ನುವುದು ಮಸ್ಕ್‌ರ್ಯಾಟ್. ಜೌಗಿನಲ್ಲಿ ಇರುವ, ಕಂದು ತುಪ್ಪಳದ, ಬೆಕ್ಕಿಗಿಂತ ಸಣ್ಣದು ಹೆಗ್ಗಣಕ್ಕಿಂತ ದೊಡ್ಡದು ಎನ್ನುವ ಪ್ರಾಣಿ. ಹಿಂದೆ ಯಾವುದೋ ಘೋರ ಚಳಿಗಾಲದಲ್ಲಿ ಹಿಟ್ಟು ತೀರಿ, ನೀರು ಹೆಪ್ಪುಗಟ್ಟಿ ಮೀನೂ ಸಿಗದಾಗ, ಪಾದ್ರಿಯೊಬ್ಬರು 'ನೀರಿನಲ್ಲಿ ಇರುವುದೆಲ್ಲ ಮೀನೇ' ಎಂದು ಅಪ್ಪಣೆ ಕೊಟ್ಟರಂತೆ. ಅಂದಿನಿಂದ ನಡೆದು ಬಂದಿದೆ. ಈಗ ಹಿಟ್ಟು ಅಂಗಡಿಯಲ್ಲಿದೆ, ಮೀನು ಫ್ರೀಜರ್‌ನಲ್ಲಿದೆ, ಆದರೂ ನಡೆದಿದೆ. ವ್ರತಕ್ಕೆ ಕಾಯದೆ ಜನವರಿಯಿಂದಲೇ ಪ್ರತಿ ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಟಿಕೆಟ್ ಇಟ್ಟು ಬಡಿಸುತ್ತಾರೆ.

ಗದಗಿನಲ್ಲಿ ಏಕಾದಶಿ ಮಾಡುವ, ಮೊಟ್ಟೆಯ ವಾಸನೆಗೆ ಮೂಗು ಮುಚ್ಚುವ ಮನೆಯ ಮಗಳು ನಾನು. ಪ್ರೊಫೆಸರ್‌ಗೆ ಇದು ಗೊತ್ತಿತ್ತೋ ಇಲ್ಲವೋ, ನಾನು ಹೇಳಲಿಲ್ಲ. ಹೇಳಿದರೆ ಇನ್ನೊಂದು ಊರು ಹುಡುಕಲು ಇನ್ನೊಂದು ತಿಂಗಳು.

ಸುದ್ದಿ ನಮ್ಮ ಕನ್ನಡದವರು ಹೆಚ್ಚಿರುವ ನಾರ್ತ್‌ವಿಲ್‌ವರೆಗೂ ಹೋಯಿತು. ಸಂಕ್ರಾಂತಿಯ ಎಳ್ಳು ಬೀರುವಾಗ ವಸುಧಾ ಆಂಟಿ ಎಲ್ಲರ ಮುಂದೆ ಕೇಳಿದರು, "ಅಯ್ಯೋ ರುಕ್ಮಿಣಿ, ಇಲಿ ಮೇಲೆ ಡಿಗ್ರಿನಾ? ಈ ವಯಸ್ಸಲ್ಲಿ ಓದೋದೇ ಆದ್ರೆ ಏನಾದ್ರೂ ಉಪಯೋಗಕ್ಕೆ ಬರೋದು ಓದಬಾರ್ದಾ? ನಮ್ಮ ಸೊಸೆ ನೋಡು, ಎಂಬಿಎಗೆ ಅಪ್ಲೈ ಮಾಡಿದಾಳೆ."

"ಇಲಿ ಅಲ್ಲ ಆಂಟಿ, ಮೀನು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗ ಪೂರ್ತಿ ಅರ್ಥವಾಗಿರಲಿಲ್ಲ.

ಮೊದಲ ಶುಕ್ರವಾರ ಹೋದಾಗ ಕಪ್ಪು ಕೋಟು ಹಾಕಿ, ಕೈಯಲ್ಲಿ ಕ್ಲಿಪ್ ಬೋರ್ಡ್ ಹಿಡಿದು ಸೀದಾ ಅಡುಗೆಮನೆ ಬಾಗಿಲಲ್ಲಿ ನಿಂತೆ. ಅಲ್ಲಿ ನಿಂತು ಒಲೆ ನೋಡಿದೆ, ಹಂಡೆ ನೋಡಿದೆ, ಸಿಂಕ್ ನೋಡಿ ಏನೋ ಗೀಚಿಕೊಂಡೆ. ಒಳಗಿದ್ದವರೆಲ್ಲ ಕೈ ನಿಲ್ಲಿಸಿದರು. ಒಬ್ಬರು ಬೇಗ ಬೇಗ ಟೊಪ್ಪಿಗೆ ಹಾಕಿಕೊಂಡರು. ನಾನು ಕೇಳಿದ್ದಕ್ಕೆಲ್ಲ "ಯೆಸ್ ಮ್ಯಾಮ್", "ನೋ ಮ್ಯಾಮ್". ನಾನು ಆರೋಗ್ಯ ಇಲಾಖೆಯಿಂದ ತಪಾಸಣೆಗೆ ಬಂದವಳು ಎಂದು ಅವರು ತಿಳಿದಿದ್ದರು. ನಾಲ್ಕು ಮಾತು ಸಿಗದೆ ವಾಪಸ್ ಬಂದೆ. ಎರಡನೆಯ ಶುಕ್ರವಾರ ಟಿಕೆಟ್ ಕೊಡುವ ಟೇಬಲ್‌ನಲ್ಲಿ ಕೂತಿದ್ದ ಡೊಲೊರೆಸ್ ಎಂಬ ಅಜ್ಜಿಗೆ ನಾನು ವಿದ್ಯಾರ್ಥಿನಿ ಎಂದು ಹೇಳಿದೆ.

"ಈ ವಯಸ್ಸಿನಲ್ಲಿ?" ಎಂದಳು.

ಅಮೆರಿಕದ ಅಜ್ಜಿಗೂ ನಾರ್ತ್‌ವಿಲ್‌ನ ಆಂಟಿಗೂ ಬಾಯಿ ಒಂದೇ ಎಂದುಕೊಂಡೆ.

ಅಡುಗೆಯ ಯಜಮಾನ ಡೊಲೊರೆಸ್‌ಳ ಅಣ್ಣ ಲಿಯೋ. ಎಂಬತ್ತರ ಹತ್ತಿರದ ವಯಸ್ಸು, ಕಾರ್ ಕಾರ್ಖಾನೆಯಲ್ಲಿ ದುಡಿದ ದೊಡ್ಡ ಕೈಗಳು. ಊರಿನ ಹಳೆಯ ಮಾತೆಲ್ಲ ಅವನಲ್ಲೇ ಇದೆ ಎಂದು ಎಲ್ಲರೂ ಹೇಳುತ್ತಿದ್ದರು, ಅವನು ಮಾತ್ರ ನನಗೆ ಬಾಯಿ ಬಿಡುತ್ತಿರಲಿಲ್ಲ. "ತಿಂದಿದ್ದೀಯಾ?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ "ಹಾಗಾದರೆ ನಿನಗೆ ಹೇಳಿ ಏನು?" ಎಂದು ಬೆನ್ನು ತಿರುಗಿಸುತ್ತಿದ್ದ. ಹೋದ ಶುಕ್ರವಾರವೆಲ್ಲ ಇದೇ. ನಾನು ಮೂಲೆಯಲ್ಲಿ ಕೂತು ಬ್ರೆಡ್ಡು, ಕೋಸಿನ ಸಲಾಡ್ ತಿಂದು ಬರುತ್ತಿದ್ದೆ. ಅವರ ಈರುಳ್ಳಿ ಹೆಚ್ಚಿ ಕೊಟ್ಟೆ, ಟೇಬಲ್ ಒರೆಸಿದೆ. ಈರುಳ್ಳಿ ಹೆಚ್ಚಿದವಳು ಎಂದು ಡೊಲೊರೆಸ್ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ. ಮನೆಗೆ ಬಂದರೆ ಇಶಾ ಹತ್ತಿರ ಬರುತ್ತಿರಲಿಲ್ಲ, "ಯು ಸ್ಮೆಲ್" ಎನ್ನುತ್ತಿದ್ದಳು. ಲೈಬ್ರರಿಯ ಪುಸ್ತಕಗಳಲ್ಲಿ ಆ ಊರಿನ ಚರ್ಚು ಇತ್ತು, ಯುದ್ಧ ಇತ್ತು, ದೊಡ್ಡ ಮನುಷ್ಯರ ಮನೆ ಇತ್ತು. ಹಂಡೆ ಇರಲಿಲ್ಲ. ಹೆಲೆನ್ ನನ್ನ ಮೊದಲ ಕರಡು ಓದಿ, "ಇದರಲ್ಲಿ ಯಾರೂ ಮಾತಾಡುತ್ತಿಲ್ಲವಲ್ಲ" ಎಂದಳು. ಅವರು ಮಾತಾಡಿದರೆ ತಾನೇ!

ಫೆಬ್ರವರಿಯ ಕೊನೆಯಲ್ಲಿ ಮಂಜಿನ ಮಳೆ ಬಿತ್ತು. ಮರಗಳೆಲ್ಲ ಗಾಜಿನವಾಗಿ, ಕೊಂಬೆಗಳು ವೈರಿನ ಮೇಲೆ ಬಿದ್ದು, ನಮ್ಮ ಬಡಾವಣೆಯಲ್ಲಿ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಮನೆಯೊಳಗೆ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೈದು, ಊರಿನ ಲೆಕ್ಕದಲ್ಲಿ ಏಳು ಡಿಗ್ರಿ ಚಳಿ. ಕೋಟು ಹಾಕಿಕೊಂಡೇ ಕೂತು, ಕಾರಿನಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ಏನೂ ಇಲ್ಲದ ಕರಡನ್ನು ತಿದ್ದುತ್ತಿದ್ದೆ. ಆ ವಾರದ ಶುಕ್ರವಾರ ಹಾಲ್‌ಗೆ ಹೋದಾಗ ನನ್ನ ತಾಳ್ಮೆ ಮುಗಿದಿತ್ತು.

ಲಿಯೋ ಅಂದು ತಾನೇ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟ.

"ನಾನು ಮಾಂಸ ತಿನ್ನುವುದಿಲ್ಲ, ಗೊತ್ತಲ್ಲ?" ಎಂದೆ.

"ಮಾಂಸ ಯಾರು ಕೊಟ್ಟರು? ಇವತ್ತು ಶುಕ್ರವಾರ. ಇದು ಮೀನು."

"ಮೀನಿಗೆ ಕಾಲು ಎಲ್ಲಿಂದ ಬಂತು?"

"ನೀರಲ್ಲಿ ಈಜುತ್ತದಲ್ಲ."

"ನನ್ನ ಮಗಳೂ ಈಜುತ್ತಾಳೆ. ಅವಳೂ ಮೀನಾ?"

ಅಕ್ಕಪಕ್ಕದ ಟೇಬಲ್‌ಗಳಲ್ಲಿ ಫೋರ್ಕ್‌ಗಳು ನಿಂತವು. ಮುಗಿಯಿತು, ಇನ್ನು ಈ ಬಾಗಿಲು ಮುಚ್ಚಿತು ಎಂದುಕೊಂಡೆ. ಆದರೆ ಬಾಯಿ ನಿಲ್ಲಲಿಲ್ಲ. "ನಿಮಗೊಬ್ಬರಿಗೇ ದೇವರ ಕಣ್ಣಿಗೆ ಮಣ್ಣೆರಚಲು ಬರುತ್ತೆ ಅಂತ ತಿಳಿದಿದ್ದೀರಾ? ನಮ್ಮಲ್ಲಿ ಏಕಾದಶಿ ಅಂತ ಬರುತ್ತೆ. ಅವತ್ತು ಅನ್ನ ಮುಟ್ಟುವಂತಿಲ್ಲ. ಅದಕ್ಕೆ ನಮ್ಮ ಅಜ್ಜಿ ಅವಲಕ್ಕಿ ತಿನ್ನುತ್ತಿದ್ದಳು."

"ಏನದು?"

"ಅಕ್ಕಿ. ಕುಟ್ಟಿ ಚಪ್ಪಟೆ ಮಾಡಿದ್ದು."

"ಅಂದರೆ ಅಕ್ಕಿನೇ."

"ಅಕ್ಕಿ ಅಲ್ಲ. ಕುಟ್ಟಿದ್ದೀವಲ್ಲ!"

ಲಿಯೋ ನನ್ನ ಮುಖವನ್ನೇ ನೋಡಿದ. "ದೇವರು ಒಪ್ಪಿದನಾ?"

"ಇನ್ನೂ ತಕರಾರು ಬಂದಿಲ್ಲ."

ಮೊದಲು ನಕ್ಕವಳು ಡೊಲೊರೆಸ್. ನಗುತ್ತ ಟಿಕೆಟ್ ಡಬ್ಬಿ ಕೆಡವಿದಳು. ಲಿಯೋ ನಗಲಿಲ್ಲ, ತಟ್ಟೆ ವಾಪಸ್ ತೆಗೆದುಕೊಂಡು, "ಅದನ್ನು ತಗೊಂಡು ಬಾ. ಯಾವತ್ತೋ ತಂದರೆ ಆಗದು, ಆ ವ್ರತದ ದಿನವೇ ತರಬೇಕು. ಇಲ್ಲದಿದ್ದರೆ ಅದು ಬರೀ ಊಟ" ಎಂದ.

ಮುದುಕನ ಹಟ ನೋಡಿ ಮೈ ಉರಿಯಿತು. ಪುಣ್ಯಕ್ಕೆ ಫಾಲ್ಗುಣದ ಏಕಾದಶಿ ಮುಂದಿನ ಶುಕ್ರವಾರವೇ ಬಿದ್ದಿತ್ತು. ಪ್ರಾಜೆಕ್ಟ್ ಕೊಡಬೇಕಾದದ್ದು ಅದರ ಮರು ಸೋಮವಾರ. ಅಜ್ಜಿಯ ಏಕಾದಶಿ ಅವಲಕ್ಕಿ ಮಾಡುವ ಬಗೆ ನೆನಪಾಗದೆ ಗದಗಿಗೆ ಫೋನ್ ಮಾಡಿದೆ. ಎತ್ತಿಕೊಂಡವರು ಅಪ್ಪ. ಎಲ್ಲವನ್ನೂ ಹೇಳಿದೆ.

"ಏನ ಪ್ರಾಣಿ ಅಂದಿ?"

"ಹೆಗ್ಗಣದ ಬಳಗಪ್ಪಾ."

ಅಪ್ಪ ಹೊಲಿಗೆ ಮಷಿನ್ ನಿಲ್ಲಿಸಿದರು. "ಡಿಗ್ರಿಗೆ ಇದನ್ನೆಲ್ಲಾ ಓದಬೇಕೇನ? ನೀ ತಿನ್ನಂಗಿಲ್ಲಲ್ಲ?"

"ಇಲ್ಲಪ್ಪಾ."

"ಹಂಗಾರ ಉಳ್ಳಾಗಡ್ಡಿ ಹಾಕಬ್ಯಾಡ, ಸೇಂಗಾ ಜಾಸ್ತಿ ಹಾಕು. ಉಪವಾಸ ಅಂದ್ರ ಹೊಟ್ಟಿ ತುಂಬಬೇಕು."

ಶುಕ್ರವಾರ ಮಧ್ಯಾಹ್ನದಿಂದಲೇ ಹಿಮ. ಒದ್ದೆಯಾದ, ಭಾರವಾದ ಹಿಮ, ಗುಡುಗಿನ ಜೊತೆ. ಡಬ್ಬಿ ಕಟ್ಟಿಕೊಂಡು ಹೊರಟವಳನ್ನು ವಿಜಯ ಬಾಗಿಲಲ್ಲಿ ತಡೆದ.

"ಹುಚ್ಚ ಹಿಡದೈತೇನ? ಹೊರಗ ರೋಡ್ ಕಾಣವಲ್ದು."

"ಸೋಮವಾರ ಕೊಡಬೇಕು."

"ಎಕ್ಸ್‌ಟೆನ್ಶನ್ ಕೇಳು."

"ಕೇಳೀನಿ. ಇಲ್ಲ ಅಂದಾರ."

ಅವನು ತನ್ನ ಕಾರಿನ ಕೀ ಕೊಟ್ಟ. "ನನ್ ಗಾಡಿ ಒಯ್ಯಿ. ಟಾಯರ್ ಚೊಲೊ ಅದಾವ."

ದಾರಿಯುದ್ದಕ್ಕೂ ನಾನು ಎಲ್ಲರನ್ನೂ ಬೈದೆ. ಹೆಲೆನ್‌ಳನ್ನು, ಕ್ಲಾಸುಗಳಿಗೆ ಮುದಿತನ ಬರುತ್ತದೆ ಎಂದು ಕಂಡುಹಿಡಿದವರನ್ನು, ಪಾದ್ರಿಯನ್ನು, ಅಕ್ಕಿಯನ್ನು ಕುಟ್ಟಿದ ಮೊದಲಿಗನನ್ನು. ಮುಂದಿನ ಟ್ರಕ್ಕಿನ ಕೆಂಪು ದೀಪ ನೋಡಿಕೊಂಡು ಇಪ್ಪತ್ತು ಮೈಲಿ ವೇಗದಲ್ಲಿ ಹೋದೆ. ತಲುಪಿದಾಗ ಪಾರ್ಕಿಂಗ್ ಖಾಲಿ. ಹಾಲ್‌ನಲ್ಲಿ ಲಿಯೋ, ಡೊಲೊರೆಸ್, ಅಷ್ಟೇ. ಹಂಡೆ ತುಂಬ ಬೇಯಿಸಿಟ್ಟು, ತಿನ್ನುವವರಿಲ್ಲದೆ ಕೂತಿದ್ದರು.

"ಬಂದೆಯಲ್ಲ ಮಾರಾಯ್ತಿ" ಎನ್ನುವ ಹಾಗೆ ಡೊಲೊರೆಸ್ ನನ್ನ ಕೋಟಿನ ಹಿಮ ಝಾಡಿಸಿದಳು. ನಾನು ಡಬ್ಬಿ ಬಿಚ್ಚಿದೆ. ಲಿಯೋ ತಿನ್ನುವ ಮೊದಲು ಕೈ ಜೋಡಿಸಿ, ಕಣ್ಣು ಮುಚ್ಚಿ ಏನೋ ಹೇಳಿದ. ಇಂಗ್ಲಿಷ್ ಅಲ್ಲ.

"ಫ್ರೆಂಚಾ?" ಎಂದೆ.

"ಇರಬೇಕು. ನನ್ನ ಅಜ್ಜಿ ಊಟಕ್ಕೆ ಮುಂಚೆ ಹೇಳುತ್ತಿದ್ದಳು. ನನಗೆ ಬರುವುದು ಇಷ್ಟೇ, ಅರ್ಥ ಗೊತ್ತಿಲ್ಲ." ಒಂದು ಚಮಚ ತಿಂದ. ಇನ್ನೊಂದು ತಿಂದ. ಮೆಣಸಿನಕಾಯಿ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಬಟ್ಟಲು ಖಾಲಿ ಮಾಡಿ, "ಇದು ಉಪವಾಸವಾದರೆ ನೀವು ಹಬ್ಬದ ದಿನ ಏನು ತಿನ್ನುತ್ತೀರಿ?" ಎಂದ.

ಆಮೇಲೆ ಅವನು ನಿಲ್ಲಲೇ ಇಲ್ಲ. ಹೊರಗೆ ಹಿಮ ಗೋರುವ ಗಾಡಿ ಬಂದು ಹೋಗುವವರೆಗೆ, ನಾನು ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳಿದ. ಅಜ್ಜನ ಜೊತೆ ಬೆಳಗಿನ ಜೌಗಿನಲ್ಲಿ ಬೋನು ಇಡಲು ಹೋಗುತ್ತಿದ್ದದ್ದು. ಶಾಲೆಯಲ್ಲಿ ಅವರನ್ನು ಇಲಿ ಫ್ರೆಂಚರು ಎಂದು ಕರೆಯುತ್ತಿದ್ದದ್ದು. ಆ ನಾಚಿಕೆಗೆ ಅವನ ಅಪ್ಪ ಮನೆಯಲ್ಲಿ ಫ್ರೆಂಚ್ ನಿಲ್ಲಿಸಿದ್ದು, ಆದರೆ ಶುಕ್ರವಾರದ ಹಂಡೆ ನಿಲ್ಲಿಸದೆ ಹೋದದ್ದು. ಲಿಯೋ ಹತ್ತನೆಯ ತರಗತಿ ಬಿಟ್ಟು ಕಾರ್ಖಾನೆ ಸೇರಿದ್ದು. ಕೆಲವು ವರ್ಷದ ಹಿಂದೆ ಯಾರೋ ಒಬ್ಬರು ಬಂದು, ಒಂದು ತುತ್ತೂ ತಿನ್ನದೆ, ಫೋಟೊ ತೆಗೆದುಕೊಂಡು ಹೋಗಿ ನಗೆಪಾಟಲು ಮಾಡಿ ಬರೆದಿದ್ದರಂತೆ. ಅವನ ಮೊಮ್ಮಗಳು ಶಾಲೆಯಿಂದ ಅಳುತ್ತ ಬಂದಳಂತೆ.

"ಅದಕ್ಕೇ ತಿನ್ನು ಅನ್ನುತ್ತೇನೆ. ತಿಂದವರು ನಗುವುದಿಲ್ಲ, ಬಾಯಿ ತುಂಬಿರುತ್ತೆ."

"ನಾನು ತಿನ್ನಲಿಲ್ಲವಲ್ಲ."

"ನೀನೂ ವ್ರತದ ದಿನ ತಿನ್ನುವ ಮನೆಯವಳೇ" ಎಂದ. ಅವನು ಏನು ಹೇಳಿದ ಎಂದು ಬಿಡಿಸಿ ಕೇಳಲಿಲ್ಲ. ನನಗೆ ತಿಳಿದಿತ್ತು.

ಶನಿವಾರ, ಭಾನುವಾರ ಕೂತು ಬರೆದೆ. ಹೆಲೆನ್ ಓದಿದಳು. "ಚೆನ್ನಾಗಿದೆ. ಆದರೆ ಅವಲಕ್ಕಿಯ ಭಾಗ ತೆಗೆ. ಇದು ಆ ಊರಿನ ಚರಿತ್ರೆ, ನಿನ್ನ ಆತ್ಮಕಥೆ ಅಲ್ಲ" ಎಂದಳು. ಆಗ ನಾನು ಮೊದಲ ಸಲ ಆ ಕೋಣೆಯಲ್ಲಿ ದನಿ ಎತ್ತಿದೆ. ಅವಲಕ್ಕಿ ತೆಗೆದರೆ ಲಿಯೋ ಯಾಕೆ ಬಾಯಿ ಬಿಟ್ಟ ಎನ್ನುವುದು ಓದಿದವರಿಗೆ ತಿಳಿಯುವುದಿಲ್ಲ, ಅವನ ಮಾತು ಮರದಿಂದ ಉದುರಿದ ಹಾಗೆ ಕಾಣುತ್ತದೆ ಎಂದೆ. ತೆಗೆಯಲಿಲ್ಲ. ಬಿ ಪ್ಲಸ್ ಬಂತು. ಅವಲಕ್ಕಿಗೆ ಎಷ್ಟು ಅಂಕ ಹೋಯಿತು, ವ್ಯಾಕರಣಕ್ಕೆ ಎಷ್ಟು ಹೋಯಿತು ಎಂದು ಇವತ್ತಿಗೂ ಯೋಚಿಸುತ್ತೇನೆ. ಏನೇ ಆಗಲಿ, ಪಾಸಾದೆ. ಹಳೆಯ ಕ್ಲಾಸುಗಳು ಉಳಿದವು.

ಮೇ ತಿಂಗಳ ಸಮಾರಂಭದಲ್ಲಿ ಬಾಡಿಗೆ ಬಟ್ಟೆಯ ಹಾಗೆ ಜೋಲುವ ಕಪ್ಪು ಗೌನ್ ಹಾಕಿ ಸ್ಟೇಜ್ ಹತ್ತಿದೆ. ಕೈ ಕುಲುಕಿ ಒಂದು ರಟ್ಟಿನ ಹೊದಿಕೆ ಕೊಟ್ಟರು. ಅಪ್ಪ ಗದಗಿನಲ್ಲಿ ನಿದ್ದೆಗೆಟ್ಟು ಫೋನಿನಲ್ಲಿ ಕಾಯುತ್ತಿದ್ದರು. "ತೆಗದ ತೋರಸು" ಎಂದರು. ತೆಗೆದೆ. ಒಳಗೆ ಕಾಗದವೇ ಇರಲಿಲ್ಲ. ನಿಜವಾದದ್ದು ಪೋಸ್ಟಿನಲ್ಲಿ ಬರುತ್ತದೆ ಎಂದು ಒಂದು ಚೀಟಿ.

"ಖಾಲಿ ಐತಲ್ಲವಾ" ಎಂದರು ಅಪ್ಪ. ಇಷ್ಟೆಲ್ಲ ಮಾಡಿ ಅವರಿಗೆ ಖಾಲಿ ರಟ್ಟು ತೋರಿಸಿದೆನಲ್ಲ ಎಂದು ಪಾರ್ಕಿಂಗ್‌ನಲ್ಲಿ ಕೂತು ಅತ್ತೆ.

ಅದು ಬಂದದ್ದು ಜುಲೈನಲ್ಲಿ. ಇಲ್ಲಿನ ಲೆಕ್ಕದ ತೊಂಬತ್ತು ಡಿಗ್ರಿ ಬಿಸಿಲಿನ ಮಧ್ಯಾಹ್ನ ಪೋಸ್ಟಿನವನು ಗಟ್ಟಿ ಲಕೋಟೆ ಇಟ್ಟು ಹೋದ. ಇಶಾ ಓಡಿಹೋಗಿ ತಂದಳು. ಅಪ್ಪನಿಗೆ ಫೋನ್ ಹಚ್ಚಿದೆವು. "ಹಂಗ ಬ್ಯಾಡ, ಆ ಕರೇ ಅಂಗಿ ಹಾಕ್ಕೊ" ಎಂದರು. ಅಡುಗೆಮನೆಯಲ್ಲಿ, ಬೆವರುತ್ತ, ಗೌನ್ ಹಾಕಿ ನಿಂತೆ. ಇಶಾ ಲಕೋಟೆ ಬಿಡಿಸಿ, ಒಳಗೆ ಇಣುಕಿ, "ಅಮ್ಮಾ, ಇಟ್ಸ್ ರಿಯಲ್" ಎಂದು ಎರಡೂ ಕೈಯಲ್ಲಿ ನನ್ನ ಕೈಗೆ ಕೊಟ್ಟಳು. ಪ್ರಸಾದ ಕೊಡುವ ಹಾಗೆ. ಆಮೇಲೆ ಫೋನ್ ಎತ್ತಿ ಹಿಡಿದಳು.

ಅಪ್ಪ ಕಾಗದ ನೋಡಿದರು, ಅದರಲ್ಲಿ ಬರೆದದ್ದು ಅವರಿಗೆ ಓದಲು ಬರುವುದಿಲ್ಲ. ಕನ್ನಡಕ ಏರಿಸಿ ನನ್ನನ್ನು ನೋಡಿದರು. ಮೇಲಿಂದ ಕೆಳಗೆ, ಭುಜದಿಂದ ಭುಜಕ್ಕೆ, ಗಿರಾಕಿಯನ್ನು ನೋಡುವ ಹಾಗೆ ನೋಡಿದರು.

"ಯಾರ ಹೊಲದಾರವಾ ಇದನ್ನ? ಹೆಗಲ ಇಳಿಬಿದ್ದೈತಿ, ತೋಳ ಉದ್ದ ಆಗ್ಯಾವ. ನಿನ್ನ ಅಳತಿ ಕಳಸು. ಮುಂದಿನ ಡಿಗ್ರಿಗೆ ನಾನ ಹೊಲಿತೀನಿ."